ಕ್ಯಾಪ್ಟನ್ನನ ಮೂಗುದನಿ

ಮಾತು ಬೆಳ್ಳಿ, ಮೌನ ಬಂಗಾರ, ಕಂಡವರ ದನಿ ಡೀಸೆಲ್. ಗಾದೆ ಕೆಡಿಸಿದ್ದು ನಾನೇ. ಕತೆ ಮಾತ್ರ ಅಪ್ಪಟ ನಿಜ, ಒಫಿನ್ ನದಿಯ ಆಣೆ. ಆಣೆ ಇಡುವಷ್ಟು ನೀರು ಅದರಲ್ಲಿ ಈಗ ಉಳಿದಿಲ್ಲ, ಬರೀ ಕೆಸರು.

ಕೆಸರು ಮಾಡಿದವನು ಬ್ವಾಚಿ. ಪರವಾನಗಿಯಿಲ್ಲದೆ ಚಿನ್ನ ಅಗೆಯುವವನು. ದಂಡೆಯ ಕೋಕೋ ತೋಟಗಳನ್ನೆಲ್ಲ ಅವನ ಮಣ್ಣಗೆಯುವ ಯಂತ್ರ ನುಂಗಿತ್ತು. ಉಳಿದದ್ದು ನನ್ನ ಅತ್ತೆ ಫ್ರೆಮಾಳ ನೂರಿಪ್ಪತ್ತು ಮರ. ಅಡ್ಡ ನಿಂತದ್ದಕ್ಕೆ ಮಚ್ಚಿನ ಹಿಂಬದಿಯಿಂದ ಅವಳ ಮುಂಗೈ ಮುರಿದ.

"ನಾಳೆಯಿಂದ ಬೇರು ಸಮೇತ ಎತ್ತಿಸ್ತೀನಿ, ಮುದುಕಿ. ಇನ್ನೊಂದು ಕೈ ಉಳೀಬೇಕಂದ್ರೆ ಮನೇಲಿರು."

ಹಿಂದಿನ ತಿಂಗಳು ಸೈನ್ಯ ಬಂದು ಆಚೆ ದಂಡೆಯಲ್ಲಿ ಇಂಥದೇ ಎರಡು ಕಳ್ಳಯಂತ್ರ ಸುಟ್ಟಿತ್ತು. ಆ ದಳದ ಕ್ಯಾಪ್ಟನ್ನನ ಮೂಗುದನಿ ನನಗೆ ಬಾಯಿಪಾಠ. ಈಗ ಊರ ಮೇಷ್ಟ್ರಾದರೂ, ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದವನು ನಾನು. ಮರುದಿನ ಬೆಳಗ್ಗೆ ಬ್ವಾಚಿಯ ಯಂತ್ರ ಅತ್ತೆಯ ಮೊದಲ ಮರದ ಬುಡಕ್ಕೆ ಬರುವಾಗ ಚರ್ಚಿನ ಧ್ವನಿವರ್ಧಕ ಹಿಡಿದು ಪೊದೆಯಲ್ಲಿದ್ದೆ.

"ಸುತ್ತುವರಿದಿದ್ದೀವಿ! ಓಡಿದ್ರೆ ಗುಂಡು!"

ಓಡಿದರು, ಬ್ವಾಚಿಯ ಕೂಲಿಗಳೆಲ್ಲ. ಗುಂಡಿ ಹತ್ತುವಾಗ ಒಬ್ಬರ ಮುಖ ಒಬ್ಬರು ತುಳಿದರು. ಒಬ್ಬನ ಹಲ್ಲು ಇನ್ನೊಬ್ಬನ ಬೂಟಿಗೆ ಅಂಟಿ ಊರು ಸೇರಿತು. ಕಾವಲುಗಾರ ಗಾಬರಿಯಲ್ಲಿ ತನ್ನ ಪಾದಕ್ಕೇ ಗುಂಡು ಹಾರಿಸಿಕೊಂಡ. ಬ್ವಾಚಿ ಮಾತ್ರ, ದಾಳಿಯಾದಾಗ ಎಲ್ಲ ಧಣಿಗಳೂ ಮಾಡುವಂತೆ, ಯಂತ್ರದ ಮಿದುಳು ಕೀಳುತ್ತಿದ್ದ. ಆ ತಂತಿಪೆಟ್ಟಿಗೆ ಇಲ್ಲದಿದ್ದರೆ ಸೈನ್ಯ ಅದನ್ನು ನಡೆಸಿಕೊಂಡು ಹೋಗುವಂತಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು ನಾನು.

"ಮಿದುಳು ಸೀಟ್ ಮೇಲಿಡು. ಡೀಸೆಲ್ ಸುರಿ. ನೀನೇ ಕಡ್ಡಿ ಗೀರು!"

"ಕ್ಯಾಪ್ಟನ್, ನಮ್ಮಪ್ಪಾ, ಹೊಟ್ಟೆ ಮೇಲೆ ಹೊಡೀಬೇಡಿ..."

"ನಿನ್ನೂ ಒಳಗೆ ಕೂರಿಸ್ಲಾ?"

ಅಳುತ್ತ ಸುರಿದ, ಅಳುತ್ತ ಹಚ್ಚಿದ. ಜ್ವಾಲೆ ಅವನ ಹುಬ್ಬು, ಕೆನ್ನೆ ನೆಕ್ಕಿಕೊಂಡೇ ಮೇಲೆದ್ದಿತು. ತಡೆಯಲಾರದೆ ನಾನು ಎದ್ದು ನಿಂತು ಅದೇ ಮೂಗುದನಿಯಲ್ಲಿ, "ಉಪಕಾರ ಆಯ್ತು, ಬ್ವಾಚಿ" ಎಂದೆ.

"ಲೋ ಮೇಷ್ಟ್ರೆ! ನೀನಾ?"

ಓಡಿ ಬಂದು ಬೀಸಿದ ಅವನ ಮಚ್ಚು ನನ್ನ ಭುಜ ಸೀಳಿತು. ಎರಡನೇ ಏಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. ಅವನು ನನ್ನ ಬೆನ್ನ ಹಿಂದೆ, ಅತ್ತೆಯ ತೋಟದತ್ತ ನೋಡುತ್ತಿದ್ದ.

ಯಂತ್ರದ ಟ್ಯಾಂಕು ಸಿಡಿದಿತ್ತು. ಹರ್ಮಟಾನಿನ ಒಣಗಾಳಿ ಕಿಡಿಗಳನ್ನು ಹೊತ್ತು ಕೋಕೋ ತರಗೆಲೆಯ ಮೇಲೆ ಚೆಲ್ಲಿತ್ತು. ಮರದಿಂದ ಮರಕ್ಕೆ ಬೆಂಕಿ. ಮನೆಯಿಂದ ಬಂದ ಅತ್ತೆ ಮುರಿಯದ ಕೈಯಲ್ಲಿ ಬಕೆಟ್ ಹಿಡಿದು ನದಿಗೆ ಓಡಿದಳು. ತುಂಬಿ ಬಂದದ್ದು ಕೆಸರು.

ಬ್ವಾಚಿ ಮಚ್ಚು ಎಸೆದು ನೆಲಕ್ಕೆ ಕುಸಿದ. ಸುಟ್ಟ ತುಟಿ ಬಿರಿದು ರಕ್ತ ಇಳಿಯುತ್ತಿತ್ತು.

"ಕ್ಯಾಪ್ಟನ್ ಸಾಹೇಬ್ರೇ, ಇಷ್ಟು ಮರ ತೆಗೆಯೋಕೆ ನಂಗೆ ಮೂರು ದಿನ ಬೇಕಿತ್ತಲ್ರೀ!" ಎಂದು ತೊಡೆ ತಟ್ಟಿಕೊಂಡು, ಉರಿಯುವ ಮರಗಳ ಸದ್ದನ್ನೂ ಅತ್ತೆಯ ಕೂಗನ್ನೂ ಮೀರಿಸಿ ನಕ್ಕ.