ಸರೋಜಮ್ಮ ಉಳಿಸಿದ ಹುಲ್ಲು

ತಿಂಗಳಿಗೆ ಎಷ್ಟು ಹುಲ್ಲು ಬೆಳೆಯುತ್ತದೆಂದು ತಿಳಿಯಲು, ಎಂಎಸ್ಸಿ ಓದುತ್ತಿದ್ದ ನಿಶ್ಚಿತಾ ಮಂಡಕಳ್ಳಿಯ ಬಯಲಿನಲ್ಲಿ ಒಂದು ಮೀಟರ್ ಚೌಕವನ್ನು ಬೋಳುಮಾಡಿ, ಸುತ್ತ ದಾರ ಕಟ್ಟಿ ಹೋಗಿದ್ದಳು. ತಿಂಗಳ ಮೇಲೆ ಬಂದು ನೋಡಿದರೆ ಬಯಲಿನ ಹುಲ್ಲನ್ನೆಲ್ಲ ಯಾರೋ ಕೊಯ್ದಿದ್ದರು; ದಾರದೊಳಗಿನದು ಮಾತ್ರ ಸೊಂಪಾಗಿ ನಿಂತಿತ್ತು.

ಪಕ್ಕದಲ್ಲಿ ಕುಡುಗೋಲು ಹಿಡಿದು ನಿಂತಿದ್ದ ಆ ಊರಿನ ಸರೋಜಮ್ಮ ನಕ್ಕರು. "ಯಾರ್ದೋ ಓದಿನ ಕೆಲ್ಸ ಅಂದ್ಕಂಡೆ. ನಮ್ಮ ಹಸೂಗೂ ಬಾಯಾಕಕ್ಕೆ ಬುಡ್ಲಿಲ್ಲ ಕಣವ್ವ."

ನಿಶ್ಚಿತಾ ಚೌಕದೊಳಗಿನ ಹುಲ್ಲನ್ನು ಕತ್ತರಿಸಿ ತೂಗಲೆಂದು ಚೀಲಕ್ಕೆ ತುಂಬುತ್ತಾ ಹೇಳಿದಳು: "ಬೀಳೋ ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲನ್ನೂ ಹುಲ್ಲು ಹಿಡಿದಿಡಲ್ಲಮ್ಮ. ಅದರಲ್ಲೂ ಹಾಲಿಗೆ ಸೇರೋದು ಚೂರೇ ಚೂರು."

"ಆ ಚೂರಲ್ಲೇ ನನ್ನಿಬ್ರು ಮಕ್ಳು ಬೆಳುದ್ರು" ಎಂದು ಸರೋಜಮ್ಮ ಹುಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ತನ್ನ ವರದಿಯ ಕೃತಜ್ಞತೆಯ ಪುಟದಲ್ಲಿ ನಿಶ್ಚಿತಾ ಮೊದಲು ಬರೆದದ್ದು ಅವರ ಹೆಸರನ್ನೇ.