ಸರ್ವೆಗಿಡಕ್ಕೆ ಮೂರು ಗಂಟು

ಗುಂಡ್ಲುಪೇಟೆಯ ಫ್ಯಾನ್ಸಿ ಅಂಗಡಿಯವನು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಬಂಗಾರದ ಬಣ್ಣದ ಒಂದು ಪ್ಲಾಸ್ಟಿಕ್ ಗುಂಡಿನ ಬೆಲೆ ಹೇಳಿದಾಗ ಸುಧಾಮಣಿ ಕೆಂಡ ಮುಟ್ಟಿದವಳ ಹಾಗೆ ಅದನ್ನು ಡಬ್ಬಕ್ಕೆ ಬಿಟ್ಟಳು. ಆಮೇಲೆ ಅನುಮಾನ ಬಂದು ಮತ್ತೆ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಏನೂ ಇರಲಿಲ್ಲ. ಬರೀ ಗಾಳಿ.

"ಈ ದುಡ್ಗೆ ನಮ್ಮೂರಲ್ಲಿ ಒಂದು ಕೋಳಿನೇ ಬತ್ತದಲ್ಲಪ್ಪ!"

"ಅಂಗಾರೆ ಕೋಳೀನೇ ನೇತಾಕಿ ಅಕ್ಕ ಮರಕ್ಕೆ," ಎಂದ ಅಂಗಡಿಯವನು.

ಸುಧಾಮಣಿ ಅದೇ ತಾಲ್ಲೂಕಿನ ಮದ್ದೂರಿನ ಕಡೆ, ಕೇರಳದ ರಸ್ತೆಗೆ ಅಂಟಿಕೊಂಡಿದ್ದ ಒಂದು ಹೋಂಸ್ಟೇಯಲ್ಲಿ ಅಡುಗೆಯವಳು. ಅವಳ ತಮ್ಮ ಮಾದೇಶ ಅಲ್ಲಿಯೇ ಗೇಟು, ತೋಟ, ಜೀಪು ಮೂರನ್ನೂ ನೋಡಿಕೊಳ್ಳುತ್ತಿದ್ದ. ಮೈಸೂರಿನಲ್ಲಿರುವ ಮಾಲೀಕರು ಫೋನ್ ಮಾಡಿ, ಕ್ರಿಸ್‌ಮಸ್ಸಿಗೆ ವಯನಾಡಿನ ಕಡೆಯ ಒಂದು ಕುಟುಂಬ ಬರುತ್ತಿದೆ, ಅಂಗಳದಲ್ಲಿ ಒಂದು ಕ್ರಿಸ್‌ಮಸ್ ಮರ ಅಲಂಕಾರ ಮಾಡಿ ನಿಲ್ಲಿಸಿ, ಚೆಂದ ಇರಬೇಕು, ಆದರೆ ದುಡ್ಡು ಖರ್ಚಾಗಬಾರದು ಎಂದಿದ್ದರು. ದುಡ್ಡಿದ್ದವರು ಮಾತ್ರ ಕೊಡಬಲ್ಲ ಅಪ್ಪಣೆ ಅದು. ಜೊತೆಗೆ ಫೋನಿಗೆ ಒಂದು ಫೋಟೋ ಕಳಿಸಿದ್ದರು: ಯಾವುದೋ ದೇಶದ ಮರ, ಮೇಲೆ ಹಿಮ, ತುದಿಯಲ್ಲಿ ನಕ್ಷತ್ರ, ಕೊಂಬೆ ಕೊಂಬೆಗೆ ಬಂಗಾರದ ಉದ್ದುದ್ದ ಬೊಂಬೆಗಳು, ಕೆಂಪು ಬಳೆಯಂಥವು, ಗೊಂಡೆಗಳು, ಸುತ್ತ ಜರಿಯ ಪಟ್ಟಿ.

ಬೇರೆ ದಿನವಾಗಿದ್ದರೆ ಸುಧಾಮಣಿ "ಆಗಾಕಿಲ್ಲ ಸಾರ್" ಎಂದು ಕೈ ತೊಳೆದುಕೊಳ್ಳುತ್ತಿದ್ದಳು. ಆದರೆ ಈಗ ತಮ್ಮನ ಕೆಲಸ ಗಟ್ಟಿಯಾಗಿರಬೇಕಿತ್ತು. ಮೂವತ್ತೈದು ದಾಟಿದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಹೋದ ಕಡೆಯಲ್ಲೆಲ್ಲ ಒಂದೇ ಹಾಡು: ಕಾಡಂಚು, ಆನೆ ಕಾಟ, ಗೇಟು ಕಾಯುವ ಕೆಲಸ. ಅವ್ವ ಅಪ್ಪ ಇಲ್ಲದ ಹುಡುಗನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವನ ಮದುವೆಯಾಗದೆ ತನಗೆ ನಿದ್ದೆ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಕಡೆಗೆ ಹರವೆಯ ಮುದ್ದಯ್ಯನ ಮಗಳು ಶಿವರಂಜಿನಿಯ ಸಂಬಂಧ ಕೂಡಿಬಂದಿತ್ತು. ಹುಡುಗಿ ಒಪ್ಪಿದ್ದಳು, ಮುದ್ದಯ್ಯನೂ ಒಪ್ಪಿದ್ದ. ಮುದ್ದಯ್ಯನ ತಾಯಿ ಮಲ್ಲಾಜಮ್ಮ ಒಬ್ಬಳು ಮಾತ್ರ "ನೋಡಾನ" ಎಂದಿದ್ದಳು. ಆ ಮನೆಯಲ್ಲಿ ಮಲ್ಲಾಜಮ್ಮ "ನೋಡಾನ" ಎಂದರೆ ಇನ್ನೂ ಯಾವುದೂ ಆಗಿಲ್ಲ ಎಂದೇ ಅರ್ಥ.

ಮರಕ್ಕೇನೂ ತೊಂದರೆ ಇರಲಿಲ್ಲ. ಅಂಗಳದ ನಡುವೆ ಮಾದೇಶನೇ ನೆಟ್ಟ ಒಂದು ಸರ್ವೆಗಿಡ ಆಳೆತ್ತರ ಮೀರಿ ಬೆಳೆದಿತ್ತು. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಹೊತ್ತು ಹಾಕಿ, ಜಿಂಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ, ಮಗುವನ್ನು ಸಾಕಿದ ಹಾಗೆ ಸಾಕಿದ್ದ. ತೊಂದರೆ ಇದ್ದದ್ದು ಅಲಂಕಾರದ್ದು.

ಅಂಗಡಿಯಿಂದ ಬರಿಗೈಯಲ್ಲಿ ಬಂದ ಸುಧಾಮಣಿ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಹಿಮಕ್ಕೆ ಹೊಲದಲ್ಲಿ ಒಡೆದು ನಿಂತಿದ್ದ ಹತ್ತಿ ಬಂತು. ಗೊಂಡೆಗೆ ಚೆಂಡುಹೂವೂ ರಾಗಿತೆನೆಯೂ ಬಂದವು. ಮಿಕ್ಕದ್ದಕ್ಕೆ ಅವಳು ಮನೆಗೆ ಹೋಗಿ ತನ್ನ ಟ್ರಂಕನ್ನು ತೆಗೆದಳು. ಇಲಿ ಕಡಿದು ಉಡಲು ಬಾರದ ಒಂದು ಸೀರೆಯಿಂದ ಜರಿಯಂಚು ಕಿತ್ತಳು. ಕೈಗೆ ಬಿಗಿಯಾಗಿ ತೆಗೆದಿಟ್ಟಿದ್ದ ಕೆಂಪು ಹಸಿರು ಗಾಜಿನ ಬಳೆಗಳನ್ನು ಎತ್ತಿಕೊಂಡಳು. ತಳದಲ್ಲಿ ಬೇಗಡೆ ಹಚ್ಚಿದ ಒಂದು ಹೊಳೆಯುವ ವಸ್ತು ಸಿಕ್ಕಿತು. ಒರೆಸಿ ನೋಡಿದರೆ ಥೇಟ್ ನಕ್ಷತ್ರ. ಬಂಗಾರದ ಉದ್ದುದ್ದ ಬೊಂಬೆಗಳಿಗೆ ಏನು ಮಾಡುವುದೆಂದು ಯೋಚಿಸುತ್ತ ಕೂತವಳ ಕಣ್ಣು ಮೂಲೆಯ ಚೀಲದ ಮೇಲೆ ಬಿತ್ತು. ಹೋದ ಸಲದ ಅರಿಶಿನ. ಬೇಯಿಸಿ ಒಣಗಿಸಿ ಉಜ್ಜಿದ ಕೊಂಬುಗಳು ಬಿಸಿಲಿಗೆ ಹಿಡಿದರೆ ಬಂಗಾರವೇ ನಾಚಬೇಕು. ಕಟ್ಟಲು ಜರಿದಾರ ಇರಲಿಲ್ಲವಾಗಿ ಬಿಳಿ ದಾರವನ್ನೇ ಅರಿಶಿನದ ನೀರಿನಲ್ಲಿ ಅದ್ದಿ ಒಣಹಾಕಿದಳು. ತನ್ನ ಬುದ್ಧಿಗೆ ತಾನೇ ಬೆರಗಾದಳು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೂ ಅಲಂಕಾರಕ್ಕೆ ನಿಂತರು. ಎತ್ತರದ ಕೊಂಬೆಗಳಿಗೆ ಸ್ಟೂಲು ಹತ್ತಿ ಅರಿಶಿನದ ಕೊಂಬು ಕಟ್ಟುವ ಕೆಲಸ ಮಾದೇಶನದು. ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಮೊದಲು ಕಟ್ಟಿದ್ದು ಜಾರಿ ಬಿತ್ತು.

"ಒಂದ್ ಗಂಟ್ಗೆ ನಿಲ್ತದೇನ್ಲಾ? ಮೂರು ಗಂಟಾಕು, ಬಿಗ್ಯಾಗಿ," ಎಂದಳು ಸುಧಾಮಣಿ.

ಅವನು ಬಲು ನಿಗಾ ವಹಿಸಿ ಒಂದೊಂದಕ್ಕೂ ಮೂರು ಮೂರು ಗಂಟು ಹಾಕಿದ. ತುದಿಗೆ ನಕ್ಷತ್ರ ಸಿಕ್ಕಿಸಿ ಇಳಿದು ಹಿಂದೆ ಸರಿದು ಅಕ್ಕನ ಪಕ್ಕ ನಿಂತ. ಎಳೆ ಬಿಸಿಲಿಗೆ ಜರಿ ಮಿರಮಿರ ಎನ್ನುತ್ತಿತ್ತು, ಬಳೆಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎನ್ನುತ್ತಿದ್ದವು, ಅರಿಶಿನದ ಕೊಂಬುಗಳು ತೂಗಾಡುತ್ತಿದ್ದವು. ಫೋಟೋದ ಮರವನ್ನು ಇದರ ಮುಂದೆ ನಿವಾಳಿಸಿ ಎಸೆಯಬೇಕು.

"ಯಕ್ಕಾ," ಎಂದ ಮಾದೇಶ ಮೆಲ್ಲಗೆ, "ಎಂಗ್ ಕಾಣ್ತದೆ ನೋಡು. ಥೂ, ಏನೋ ಒಂದ್ ತರ ಆಯ್ತದೆ ಕಣಕ್ಕ ನೋಡುದ್ರೆ."

ಅವನಿಗೆ ಏನು ಒಂಥರಾ ಆಯಿತೋ ಅದನ್ನು ಆಗಲೇ ಕೂತು ಯೋಚಿಸಿದ್ದರೆ ಮುಂದಿನ ರಾಮಾಯಣ ತಪ್ಪುತ್ತಿತ್ತು. ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು.

ಇಳಿದವರನ್ನು ನೋಡಿ ಸುಧಾಮಣಿ ಅವಸರದಲ್ಲಿ ಸೆರಗಿಗೆ ಕೈ ಒರೆಸಿಕೊಂಡಳು. ಮುಂದೆ ಮಲ್ಲಾಜಮ್ಮ, ಹಿಂದೆ ಮುದ್ದಯ್ಯ, ಅವನ ಹಿಂದೆ ಚೂಡಿದಾರದ ವೇಲು ಸರಿಮಾಡಿಕೊಳ್ಳುತ್ತ ಶಿವರಂಜಿನಿ. ಹೇಳಿ ಹೋದರೆ ಎಲ್ಲರ ಮನೆಯೂ ಗುಡಿಸಿರುತ್ತದೆ, ಹೇಳದೆ ಹೋದರೇ ಕಸ ಕಾಣುವುದು ಎಂಬುದು ಮಲ್ಲಾಜಮ್ಮನ ಸಿದ್ಧಾಂತ. ಹುಡುಗ ನಿಜವಾಗಿಯೂ ಎಲ್ಲಿ ಕೆಲಸ ಮಾಡುತ್ತಾನೆಂದು ನೋಡಲು ಬಂದಿದ್ದಳು.

"ಬನ್ನಿ ಅಜ್ಜಿ, ಬನ್ನಿ ಮಾವ," ಎನ್ನುತ್ತ ಸುಧಾಮಣಿ ಓಡಿದಳು. ಮಲ್ಲಾಜಮ್ಮ ಅವಳ ಕಡೆ ನೋಡಲಿಲ್ಲ. ಅವಳ ಕಣ್ಣು ಮರದ ಮೇಲಿತ್ತು.

ಮುದುಕಿ ಮರವನ್ನು ಒಂದು ಸುತ್ತು ಬಂದಳು. ಬಳೆ ಮುಟ್ಟಿದಳು. ಜರಿಯಂಚನ್ನು ಬೆರಳಲ್ಲಿ ಉಜ್ಜಿದಳು. ತಲೆಯೆತ್ತಿ ತುದಿಯನ್ನು ನೋಡಿದಳು. ಆಮೇಲೆ ಒಂದು ಅರಿಶಿನದ ಕೊಂಬನ್ನು ಅಂಗೈಯಲ್ಲಿಟ್ಟುಕೊಂಡು ಹಳದಿ ದಾರವನ್ನು ಹಿಡಿದು ಗಂಟಿನವರೆಗೆ ಹೋದಳು.

"ಇದ ಕಟ್ದೋರು ಯಾರು?"

"ನಾನೇ ಕಣಜ್ಜಿ," ಎಂದ ಮಾದೇಶ ಹೆಮ್ಮೆಯಿಂದ.

"ಮೂರು ಗಂಟೂ?"

"ಊಂ. ಮೂರೂ ನಾನೇಯ ಆಕಿದ್ದು."

"ಅಯ್ಯಯ್ಯೋ ಶಿವನೇ! ಮರಕ್ಕೆ ತಾಳಿ ಕಟ್ಬುಟ್ಟವನಲ್ಲೋ ಮುದ್ದ!" ಮಲ್ಲಾಜಮ್ಮ ಹಾಕಿದ ಕೂಗಿಗೆ ಹೊಂಗೆಮರದ ಮೇಲಿದ್ದ ಕೋತಿಗಳು ದಬದಬ ಇಳಿದು ಓಡಿದವು. "ಯೋಳ್ಲಾ, ಎಷ್ಟ್ ಜನ ಸತ್ತವ್ರೆ?"

"ಯಾ... ಯಾರಜ್ಜಿ?"

"ನಿನ್ನೆಂಡ್ತೀರು ಕಣ್ಲಾ! ಇಬ್ರು ಸತ್ತು ಮೂರ್ನೇದು ಮಾಡ್ಕಳೋರು ತಾನೇ ಮೊದ್ಲು ಮರಕ್ಕೆ ತಾಳಿ ಕಟ್ಟಾದು? ಇಲ್ಲಾ, ಜಾತಕದಲ್ಲಿ ದೋಸ ಇರೋರು ಕಟ್ಟಾದು. ಯಾವ್ದು ನಿಂದು? ಮುಚ್ಚಿಟ್ಟು ನಮ್ ಹೆಣ್ಣ ತಕ್ಕಂಡೋಗಾನ ಅಂತಿದ್ರಾ?"

ಸುಧಾಮಣಿ ಮರದ ಕಡೆ ತಿರುಗಿದಳು. ತಿರುಗಿದವಳು ಹಾಗೇ ಕಲ್ಲಾದಳು. ಅಯ್ಯೋ, ಅಲ್ಲಿ ಮರ ಎಲ್ಲಿತ್ತು? ಧಾರೆ ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ಹೂ ಮುಡಿದು, ಕೊರಳಿಗೆ ಅರಿಶಿನದ ಕೊಂಬು ಕಟ್ಟಿಸಿಕೊಂಡು ಒಬ್ಬ ಮದುವಣಗಿತ್ತಿ ನಿಂತಿದ್ದಳು. ತುದಿಯಲ್ಲಿದ್ದದ್ದು ನಕ್ಷತ್ರವಲ್ಲ, ಸುಧಾಮಣಿಯದೇ ಮದುವೆಯ ಬಾಸಿಂಗ. ಅಲ್ಲ, ಬಡವಳ ಟ್ರಂಕಿನಲ್ಲಿ ಮಿನುಗುವ ವಸ್ತು ಇನ್ನೇನಿರುತ್ತದೆ? ಮದುವೆಯಲ್ಲಿ ಒಂದು ದಿನ ಮಿನುಗಿದ್ದು ಬಿಟ್ಟರೆ ಅವಳ ಬಾಳಲ್ಲಿ ಜರಿ ಕಂಡದ್ದು ಯಾವಾಗ? ಹುಡುಕಿ ಹುಡುಕಿ ತೆಗೆದದ್ದೆಲ್ಲ ಹೆಣ್ಣಿನ ಸಿಂಗಾರವೇ ಆಗಿತ್ತು. ಅದೊಂದೂ ಅವಳಿಗೆ ಹೊಳೆದಿರಲಿಲ್ಲ. ಫೋಟೋ ನೋಡಿಕೊಂಡು ಮಾಡುವವರಿಗೆ ಕಣ್ಣೆಲ್ಲ ಫೋಟೋದಲ್ಲೇ ಇರುತ್ತದೆ.

"ಅಜ್ಜಿ, ದೇವ್ರಾಣೆಗೂ ಅಂಗಲ್ಲ! ಇದು ಕ್ರಿಸ್ಮಸ್ಸು ಮರ. ಸಾಹೇಬ್ರು ಫೋಟೋ ಕಳ್ಸವ್ರೆ, ನೋಡಿ ಬೇಕಾದ್ರೆ!"

ಮಲ್ಲಾಜಮ್ಮ ಫೋನನ್ನು ದೂರಕ್ಕೆ ಹಿಡಿದು ನೋಡಿದಳು. "ಇದ್ರಲ್ಲಿ ಬಾಸಿಂಗ ಎಲ್ಲದೆ ತೋರ್ಸು."

ತೋರಿಸಲು ಎಲ್ಲಿತ್ತು? ಮುದ್ದಯ್ಯ ಕೆಮ್ಮಿ, "ಅವ್ವಾ, ಗೊತ್ತಿಲ್ದೆ ಮಾಡವ್ರೆ ಬುಡು," ಎಂದ.

"ಗೊತ್ತಿದ್ದು ಕಟ್ಟುದ್ರೂ ತಾಳಿನೇ, ಗೊತ್ತಿಲ್ದೆ ಕಟ್ಟುದ್ರೂ ತಾಳಿನೇ. ಮೂರು ಗಂಟು ಬಿದ್ದದೆ. ಈ ಮರ ಇರೋಗಂಟ ಇದೇ ಇವ್ನೆಂಡ್ತಿ. ಕಟ್ಟಿದ್ ಮ್ಯಾಕೆ ಕಡುದ್ಬುಡ್ಬೇಕು, ಆಗ್ಲೇ ದೋಸ ಕಳೆಯಾದು. ಈಗ್ಲೇ ಕಡೀಲಿ. ಕಡುದ್ರೆ ಸಂಬಂಧ. ಇಲ್ದಿದ್ರೆ ನಮ್ ದಾರಿ ನಮ್ಗೆ."

ಮಾದೇಶ ಹುಚ್ಚನ ಹಾಗೆ ಅಕ್ಕನ ಮುಖ ನೋಡಿದ. "ಗೆಸ್ಟ್‌ಗಳು ಇನ್ನೇನು ಬಂದ್ಬುಡ್ತಾರೆ ಕಣಕ್ಕ. ಮರ ಇಲ್ದಿದ್ರೆ ಸಾಹೇಬ್ರು ಕೆಲ್ಸದಿಂದ ಕಿತ್ತಾಕ್ತಾರೆ."

ಸುಧಾಮಣಿಗೆ ಅದು ಕೇಳಿಸಿತು. ಕೇಳಿಸಿದರೂ ಅವಳ ಕಾಲು ತಾನಾಗಿಯೇ ಅಡುಗೆಮನೆಯ ಹಿಂದಕ್ಕೆ ನಡೆಯಿತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಹೆಣ್ಣು ಸಿಗುವುದಿಲ್ಲ. ಇಷ್ಟೇ ಲೆಕ್ಕ. ಸೌದೆಯ ಪಕ್ಕದಲ್ಲಿದ್ದ ಮಚ್ಚನ್ನು ತಂದು ತಮ್ಮನ ಕೈಗಿಟ್ಟಳು.

"ಕಡೀಲಾ."

"ಯಕ್ಕಾ..."

"ಕಡಿ ಅಂದ್ನಲ್ಲ."

ಮಾದೇಶ ಮರದ ಬುಡದಲ್ಲಿ ಮಂಡಿಯೂರಿದ. ತಾನೇ ಕಟ್ಟಿದ ಮುಳ್ಳುಬೇಲಿಯನ್ನು ತಾನೇ ಸರಿಸಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ಸುಧಾಮಣಿ ನೋಡಿದಳು, ನೋಡಿ ಮುಖ ತಿರುಗಿಸಿದಳು. ಮಚ್ಚು ಮೇಲೆದ್ದಿತು.

"ಕಡೀಬ್ಯಾಡಿ!"

ಕೂಗಿದ್ದು ಶಿವರಂಜಿನಿ. ಬಂದಾಗಿನಿಂದ ತುಟಿ ಬಿಚ್ಚದ ಹುಡುಗಿ. ಅವಳು ಅಜ್ಜಿಯನ್ನು ದಾಟಿ ಬಂದು ಮರಕ್ಕೂ ಮಚ್ಚಿಗೂ ನಡುವೆ ನಿಂತಳು.

"ನನ್ ಬಾಳೆಗಿಡಾನೂ ಇಂಗೇ ಕಡುಸ್ದೆ ಕಣಜ್ಜಿ ನೀನು."

"ಬಾಯ್ ಮುಚ್ಚಮ್ಮಿ!" ಮಲ್ಲಾಜಮ್ಮನ ದನಿ ಸೀಳಿಹೋಯಿತು.

"ಮುಚ್ಕಂಡಿದ್ದು ಸಾಕು. ಕುಜದೋಸ ಅಂತ ಯಾವನೋ ಯೋಳ್ದ ಅಂತ, ಹಿತ್ಲಲ್ಲಿ ಬಾಳೆಗಿಡಕ್ಕೆ ನನ್ನ ಮದ್ವೆ ಮಾಡ್ಲಿಲ್ವಾ? ನಾನೇ ಕಂದು ತಂದು ನೆಟ್ಟಿದ್ ಗಿಡ ಅದು. ಗೊನೆ ಆಕಿತ್ತು. ಧಾರೆ ಆದ್ ಮ್ಯಾಕೆ ಅಪ್ಪನ ಕೈಲಿ ಕಡುಸ್ದೆ. ನನ್ ಬಳೆ ಒಡ್ಸಿ ತಲೆಗೆ ನೀರ್ ಉಯ್ದೆ. 'ಅಳಮ್ಮಿ, ಗಂಡ ಸತ್ತವ್ನೆ, ಅಳು' ಅಂದೆ. ಅಳು ನಿಜ್ವಾಗ್ಲೂ ಬಂತು ಕಣಜ್ಜಿ ನಂಗೆ. ಸಾಸ್ತ್ರಕ್ಕಲ್ಲ."

ಮರದ ಮೇಲೆ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಮುದ್ದಯ್ಯ ನೆಲ ನೋಡುತ್ತಿದ್ದ. ತಾಳಿ, ಮೂರು ಗಂಟು, ಕಡಿಯುವ ಶಾಸ್ತ್ರ ಎಲ್ಲವೂ ಮುದುಕಿಗೆ ಅಷ್ಟು ಬಾಯಿಪಾಠವಾಗಿದ್ದುದು ಯಾಕೆಂದು ಸುಧಾಮಣಿಗೆ ಈಗ ತಿಳಿಯಿತು. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ. ಅವಳಿಗೆ ಉರಿದುಹೋಯಿತು. ತನ್ನ ತಮ್ಮನ ಮೇಲೆ ಇಷ್ಟು ಹಾರಾಡಿದವರು ತಾವೇ ದೋಷದ ಹುಡುಗಿಯನ್ನು ಮುಚ್ಚಿಟ್ಟು ಕಟ್ಟಲು ಹೊರಟಿದ್ದರೇ? ಬಾಯಿ ತೆರೆದಳು. ಆದರೆ ಮಂಡಿಯೂರಿದ್ದ ಮಾದೇಶ ತಲೆಯೆತ್ತಿ ಆ ಹುಡುಗಿಯನ್ನೇ ನೋಡುತ್ತಿದ್ದ, ಕೈಯಲ್ಲಿ ಅಕ್ಕನೇ ತಂದುಕೊಟ್ಟ ಮಚ್ಚು. ಸುಧಾಮಣಿಗೆ ನಾಚಿಕೆಯಾಯಿತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಬಗ್ಗಿ ಆ ಮಚ್ಚನ್ನು ಕಿತ್ತುಕೊಂಡಳು.

ಮಲ್ಲಾಜಮ್ಮ ಸೋಲುವ ಪೈಕಿಯವಳಲ್ಲ. "ಅದ್ಕೇ ಕಣಮ್ಮಿ ಯೋಳ್ತಿರಾದು! ಈ ಮರ ಇದ್ರೆ ನೀನು ಸವ್ತಿ ಮ್ಯಾಕೆ ಓದಂಗಾಯ್ತದೆ!"

"ಓಯ್ತೀನಿ," ಎಂದಳು ಶಿವರಂಜಿನಿ.

"ಏನಂದೆ?"

"ಸವ್ತಿ ಮ್ಯಾಕೇ ಓಯ್ತೀನಿ ಅಂದೆ. ಒಬ್ಬ ಗಂಡನ್ನ ಕಡ್ಸಿದ್ದು ಸಾಕು. ಸವ್ತೀನೂ ಕಡ್ಸಕ್ಕೆ ನನ್ ಕೈಲಾಗಲ್ಲ." ಅವಳು ಬಗ್ಗಿ, ಬೇಲಿಯ ಹತ್ತಿರ ಉದುರಿದ್ದ ಒಂದು ಹಸಿರು ಬಳೆಯನ್ನು ಎತ್ತಿ ಮಣ್ಣು ಒರೆಸಿದಳು. ಅದನ್ನು ಮತ್ತೆ ಕೊಂಬೆಗೆ ಸಿಕ್ಕಿಸಿ ಮಾದೇಶನ ಕಡೆ ತಿರುಗಿದಳು. "ನೀರು ಗೀರು ಆಕ್ತಿದ್ದೀರಾ ಇದಕ್ಕೆ?"

"ದಿನಾ... ದಿನಾ ಆಕ್ತೀನಿ," ಎಂದ ಮಾದೇಶ. ಎದ್ದು ನಿಲ್ಲುವುದು ಅವನಿಗೆ ಇನ್ನೂ ನೆನಪಾಗಿರಲಿಲ್ಲ.

ಮಲ್ಲಾಜಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಅಳುತ್ತಿದ್ದಳೋ ಶಪಿಸುತ್ತಿದ್ದಳೋ ತಿಳಿಯುವಂತಿರಲಿಲ್ಲ. ಮುದ್ದಯ್ಯ ಅವಳ ಪಕ್ಕ ಕೂತು, "ಗೊನೆ ಆಕಿದ್ದ ಗಿಡ ಕಡೀಬಾರ್ದಿತ್ತು ಕಣವ್ವ," ಎಂದ.

ಗೇಟಿನ ಹೊರಗೆ ಕಾರೊಂದು ಹಾರ್ನ್ ಹೊಡೆಯುತ್ತಿತ್ತು. ಎಷ್ಟು ಹೊತ್ತಿನಿಂದಲೋ ಏನೋ. ಗೇಟು ಕಾಯುವವನು ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಸುಧಾಮಣಿಯೇ ಕಣ್ಣೊರೆಸಿಕೊಂಡು ಓಡಿಹೋಗಿ ಗೇಟು ತೆರೆದು, ನಗುಮುಖದಿಂದ "ಹ್ಯಾಪಿ ಕ್ರಿಸ್ಮಸ್ಸು, ಬನ್ನಿ ಬನ್ನಿ" ಎಂದಳು. ಕಾರಿನೊಳಗಿದ್ದವರ ಮುಖಗಳು ಒಮ್ಮೆಲೇ ಬಿಳಿಚಿಕೊಂಡದ್ದನ್ನು ಕಂಡ ಮೇಲೆಯೇ, ತನ್ನ ಕೈಯಲ್ಲಿ ಇನ್ನೂ ಮಚ್ಚು ಇದೆಯೆಂದು ಅವಳಿಗೆ ನೆನಪಾದದ್ದು.