ಬಾಗಿಲ ಹೊರಗಿನ ಬುಟ್ಟಿ

ಹಸಿರು ಬಳೆ ಗುರುಬಾಯಿಯ ಗೆಣ್ಣು ದಾಟಲಿಲ್ಲ. ನಂದಾ ಆ ತಣ್ಣನೆಯ ಕೈಗೆ ಎಣ್ಣೆ ಸವರಿ ಮತ್ತೆ ಒತ್ತಿದಳು.

"ಸಾವಕಾಶ ಬೇ," ಎಂದಳು ಪಕ್ಕದ ಮನೆಯ ರುಕ್ಮವ್ವ. "ರೊಟ್ಟಿ ಬಡದು ಬಡದು ಕೈ ಮೊರದಷ್ಟ ಅಗಲ ಆಗ್ಯಾವ. ಬದುಕಿದ್ದಾಗೂ ಬಳಿಗಾರನ ಬೆವರ ಇಳಿಸತಿದ್ದಳು."

ಸುತ್ತ ಕುಳಿತ ಹೆಂಗಸರು ಅಳುತ್ತಲೇ ನಕ್ಕರು. ಮುಧೋಳದ ಆ ಓಣಿಯಲ್ಲಿ ಅವರೆಲ್ಲರದೂ ಮೈ ಮಾರುವ ಕಸುಬು. ಗುರುಬಾಯಿ ಅದನ್ನು ಬಿಟ್ಟು ಬಹಳ ವರ್ಷವಾಗಿತ್ತು.

ನಂದಾಳ ಫೋನು ನಡುಗಿತು. ಎದ್ದು ಬಾಗಿಲಿಗೆ ಬಂದಳು. ಲೋಕಾಪುರದ ಗಿರಾಕಿ, ಕಾಂಡೋಮ್ ಇಲ್ಲದೆ ಒಪ್ಪಿದರೆ ದುಪ್ಪಟ್ಟು ಕೊಡುತ್ತೇನೆಂದು ಬೆಳಗಿನಿಂದ ಬೆನ್ನು ಬಿದ್ದಿದ್ದ. ಮನೆಯಲ್ಲಿ ಹಿಟ್ಟು ತೀರಿತ್ತು. ಮಗಳು ಪೂರ್ಣಿಮಾ ರಾತ್ರಿ ಬರೀ ಚಹಾ ಕುಡಿದು ಮಲಗಿದ್ದಳು.

"ಸಂಜಿಗೆ ಹೇಳತೇನ್ರಿ," ಎಂದಳು ನಂದಾ.

ರುಕ್ಮವ್ವ ಕೇಳಿಸಿಕೊಂಡಳು.

*

ಓಣಿಗೆ ಬಂದ ಹೊಸತರಲ್ಲಿ ನಂದಾ ಇಂಥದೇ ಮಾತಿಗೆ ಒಪ್ಪಿ ಬೇನೆ ತಂದುಕೊಂಡಿದ್ದಳು. ದವಾಖಾನೆಗೆ ಕರೆದೊಯ್ದವಳು ಗುರುಬಾಯಿ. ದಾರಿಯುದ್ದಕ್ಕೂ ನಂದಾ ಬೈಗುಳಕ್ಕೆ ಕಾದಳು. ಮನೆ ಮುಟ್ಟಿದ ಮೇಲೆ ಗುರುಬಾಯಿ ಕೇಳಿದ್ದು ಇಷ್ಟೇ:

"ಅವತ್ತ ಉಂಡಿದ್ದಿ ಏನ?"

ನಂದಾ ಇಲ್ಲವೆಂದು ತಲೆಯಾಡಿಸಿದಳು.

"ಹಸದ ಹೊಟ್ಟಿಲೆ ಬ್ಯಾಡ ಅನ್ನಾಕ ಬರೂದಿಲ್ಲವ್ವಾ. ನಾನೂ ನೋಡೇನಿ."

ಮರುದಿನ ಗುರುಬಾಯಿಯ ಬಾಗಿಲ ಹೊರಗೆ ಒಂದು ಬುಟ್ಟಿ ತೂಗಿತು. ಅದರಲ್ಲಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಒಳಗಿಟ್ಟರೆ ಹಸಿದವರು ಕೇಳಿ ಒಯ್ಯಬೇಕಾಗುತ್ತದೆಂದು ಹೊರಗೆ. ಯಾರಾದರೂ ಕೈ ಹಾಕಿದ ಸಪ್ಪಳವಾದರೆ ಗುರುಬಾಯಿ ಒಳಗೆ ಇನ್ನಷ್ಟು ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು, ಏನೂ ಕೇಳಿಸದವಳಂತೆ.

ಆಕೆ ಹಾಸಿಗೆ ಹಿಡಿದಾಗಿನಿಂದ ಬುಟ್ಟಿ ಖಾಲಿಯಾಗಿತ್ತು.

*

ಮಣ್ಣು ಕೊಟ್ಟು ಬರುವಾಗ ಸಂಜೆಯಾಗಿತ್ತು. ಗುರುಬಾಯಿಯ ಹೊಸ್ತಿಲ ಮೇಲೆ ಪೂರ್ಣಿಮಾ ಕುಳಿತು ಕಟಕಟ ರೊಟ್ಟಿ ಕಡಿಯುತ್ತಿದ್ದಳು. ಅವಳ ತಲೆಯ ಮೇಲೆ ತೂಗುವ ಬುಟ್ಟಿ ತುಂಬಿ, ಮುಚ್ಚಿದ ಅರಿವೆ ಉಬ್ಬಿತ್ತು.

"ಸತ್ತ ಮನಿಗೆ ಬುತ್ತಿ ತರೂದು ರೂಢಿ," ಎಂದಳು ಮುಂದಾಗಿ ಬಂದಿದ್ದ ರುಕ್ಮವ್ವ. "ಆಕಿಗರೆ ಬೀಗರಿಲ್ಲ, ಬಳಗ ಇಲ್ಲ. ಓಣಿಯವರೆಲ್ಲಾ ತಂದು ಅದರಾಗ ಹಾಕೇವಿ. ನಾಳಿಂದ ಪಾಳಿ ಹಚ್ಚಿ ಬಡಿಯೂದು. ನಿಂದೂ ಪಾಳಿ ಐತಿ ಮತ್ತ. ನೀ ಬಡದ ರೊಟ್ಟಿ ಚಪ್ಪಲಿ ಆದ್ರೂ ನಡೀತೈತಿ."

ಫೋನು ಮತ್ತೆ ನಡುಗಿತು, ಅದೇ ಲೋಕಾಪುರದವನು.

"ಬ್ಯಾಡ್ರಿ," ಎಂದಳು ನಂದಾ. "ಹಂಗಾದ್ರ ಬ್ಯಾಡ."

ರುಕ್ಮವ್ವ ಒಳಗೆ ಹೋದಳು. ನಂದಾ ಅರಿವೆ ಸರಿಸಿ ಬುಟ್ಟಿಗೆ ಕೈ ಹಾಕಿದಳು. ರೊಟ್ಟಿ ಪಟ್ಟೆಂದು ಮುರಿಯಿತು. ಒಳಗೆ ರುಕ್ಮವ್ವ, ತೊಳೆದಿಟ್ಟ ಭಾಂಡೆಗಳನ್ನೇ ಮತ್ತೆ ಎಳೆದು, ಓಣಿಗೆಲ್ಲ ಕೇಳುವಂತೆ ತಿಕ್ಕತೊಡಗಿದಳು.